ಹಲಗೆ ಬಿಚ್ಚಿದ ಗಾಡಿ

ನನ್ನ ಅಂಗಡಿಯ ಹಿಂಬದಿಯಲ್ಲಿ ಒಂದು ಸ್ಟೆಪ್ನಿ ಚಕ್ರ, ಒಂದು ಬೆಂಕಿ ಆರಿಸುವ ಸಿಲಿಂಡರು, ಒಂದು ಫಸ್ಟ್ ಏಡ್ ಡಬ್ಬಿ ಇವೆ. ನಮ್ಮ ಕಡೆಯ ಹಳದಿ ಬೋರ್ಡಿನ ಗಾಡಿಗಳಲ್ಲಿ ಅರ್ಧದಷ್ಟಕ್ಕೆ ಅದೇ ಸ್ಟೆಪ್ನಿ, ಅದೇ ಸಿಲಿಂಡರು, ಅದೇ ಡಬ್ಬಿ. ವರ್ಷಕ್ಕೊಂದು ದಿನ ಎಫ್‌ಸಿ ಬರುತ್ತದೆ. ಗಾಡಿ ರಸ್ತೆಗೆ ಲಾಯಕ್ಕು ಅಂತ ಇನ್‌ಸ್ಪೆಕ್ಟರು ನೋಡಿ ಸಹಿ ಹಾಕುವ ದಿನ ಅದು. ಆ ದಿನ ಗಾಡಿಯನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂರಿಸುವ ಹಾಗೆ ಸಿಂಗರಿಸಿ ಆರ್‌ಟಿಒ ಕಚೇರಿಯ ಗೇಟಿನೊಳಗೆ ಕಳಿಸುವುದು, ಹೊರಗೆ ಬಂದ ಮೇಲೆ ಎಲ್ಲ ಬಿಚ್ಚಿ ಮುಂದಿನವನಿಗೆ ಕೊಡುವುದು ನನ್ನ ಕಸುಬು. ಬೋರ್ಡಿನಲ್ಲಿ ಮಾತ್ರ ‘ಮನೋಹರ್ ಜೆರಾಕ್ಸ್’ ಅಂತಿದೆ. ಇದರಲ್ಲಿ ನನಗೆ ಯಾವತ್ತೂ ನಾಚಿಕೆಯಾಗಿಲ್ಲ. ನಾನು ನಾಚಿಕೆಪಡುವುದು ಒಂದೇ ಒಂದು ಕೆಲಸಕ್ಕೆ, ಅದೂ ಜೀವನದಲ್ಲಿ ಒಂದೇ ಸಲ ನೇರ ದಾರಿಯಲ್ಲಿ ಮಾಡಿದ ಕೆಲಸಕ್ಕೆ. ವೇಣುಗೋಪಾಲನ ಗಾಡಿಯ ಕೆಲಸ ಅದು.

ವೇಣುಗೋಪಾಲ ದೊಡ್ಡಬಳ್ಳಾಪುರದ ನೇಕಾರರ ಮನೆಯವನು. ಅಪ್ಪನ ಕಾಲದಿಂದ ನಾಲ್ಕು ಮಗ್ಗ. ಮನೆಯ ಮುಂದಿನ ಅರ್ಧ ಮಗ್ಗಕ್ಕೆ, ಹಿಂದಿನ ಅರ್ಧ ಮನುಷ್ಯರಿಗೆ. ಮಗ್ಗದ ಮನೆಯಲ್ಲಿ ಬೆಳೆದವರು ಜೋರಾಗಿ ಮಾತಾಡುತ್ತಾರೆ, ಆ ಸದ್ದಿನಲ್ಲಿ ಕೇಳಿಸಬೇಕಲ್ಲ. ಇವನು ಮಾತ್ರ ಆ ಗೋಜೇ ಬೇಡ ಅಂತ ಮಾತನ್ನೇ ಬಿಟ್ಟವನು. ಕೇರಿಯಲ್ಲಿ ಯಾರ ಮಗ್ಗ ನಿಂತರೂ ಫಿಟ್ಟರಿಗೆ ಮುಂಚೆ ಇವನನ್ನು ಕರೆಯುತ್ತಿದ್ದರು. ಬರುತ್ತಿದ್ದ, ಕಿವಿಗೊಟ್ಟು ಕೇಳುತ್ತಿದ್ದ, ಎಲ್ಲೋ ಒಂದು ನಟ್ಟು ತಿರುವಿ ಹೋಗುತ್ತಿದ್ದ. ಹೊರಗಿನ ಸೀರೆ ಬಂದು ಇಲ್ಲಿನ ಸೀರೆ ಕೇಳುವವರಿಲ್ಲದೆ ಹೋದಾಗ ಮೊದಲು ಎರಡು ಮಗ್ಗ ಗುಜರಿಗೆ ಹೋದವು, ಆಮೇಲೆ ಮೂರನೆಯದು. ನಾಲ್ಕನೆಯದನ್ನು ಕೊಡಲು ಮನಸ್ಸಾಗದೆ ಹಾಗೇ ಇಟ್ಟುಕೊಂಡು, ಒಂದು ಹಳೆಯ ಏಳು ಸೀಟಿನ ವ್ಯಾನು ತಂದು ಟ್ಯಾಕ್ಸಿ ಮಾಡಿಸಿದ. ಬ್ಯಾಡ್ಜು, ಪರ್ಮಿಟ್ಟು ಎಲ್ಲ ನನ್ನ ಕೈಯಲ್ಲೇ ಆಯಿತು. ಮೊದಲ ಎಫ್‌ಸಿ ದಿನ ನಾನು ಅಭ್ಯಾಸಬಲದಿಂದ ಸ್ಟೆಪ್ನಿ ಉರುಳಿಸಿಕೊಂಡು ಬಂದರೆ, ‘ನಂದೇ ಐತೆ ಬಿಡಿ’ ಅಂದ. ಸಿಲಿಂಡರೂ ಇತ್ತು, ಡಬ್ಬಿಯಲ್ಲಿ ಹತ್ತಿಯೂ ಇತ್ತು. ಇಂಥವನಿಂದ ನನ್ನ ಅಂಗಡಿ ಉದ್ಧಾರವಾದ ಹಾಗೇ ಅಂದುಕೊಂಡೆ.

ಬಿಂದುಶ್ರೀ ಅವನ ಗಾಡಿಗೆ ಬಂದದ್ದು ಅದಾದ ಮರುವರ್ಷ. ಸಾಸಲಿನ ಒಕ್ಕಲು ಮನೆಯ ಹುಡುಗಿ. ಡಿಗ್ರಿ ಓದುವಾಗ ಅಣ್ಣನ ಬೈಕಿನ ಹಿಂದೆ ಕೂತು ಬರುತ್ತಿದ್ದಳು. ಜಲ್ಲಿ ಲಾರಿ ತಾಗಿ ಬಿದ್ದು ಸೊಂಟದಿಂದ ಕೆಳಕ್ಕೆ ಸ್ವಾಧೀನ ಹೋಯಿತು. ಎರಡು ವರ್ಷ ಮನೆಯ ಸೂರು ನೋಡಿದಳಂತೆ. ಆಮೇಲೆ ಕಂಪ್ಯೂಟರಿನಲ್ಲಿ ಸೀರೆ ಡಿಸೈನು ಮಾಡುವುದನ್ನು ಕಲಿತು, ದೊಡ್ಡಬಳ್ಳಾಪುರದ ಒಂದು ಡಿಸೈನ್ ಅಂಗಡಿಯಲ್ಲಿ ಕೆಲಸ ಹಿಡಿದಳು. ಸೆರಗಿನ ನವಿಲು, ಅಂಚಿನ ಮಾವು, ಎಲ್ಲ ಚೌಕ ಚೌಕವಾಗಿ ತುಂಬಿಸಿ ಮಗ್ಗಕ್ಕೆ ಕಳಿಸುವ ಕೆಲಸ. ಅವಳು ಮಾಡಿದ ಅಂಚು ಎಂದರೆ ಮಗ್ಗದವರು ಕೇಳಿ ಪಡೆಯುತ್ತಿದ್ದರು.

ಕೆಲಸವೇನೋ ಸಿಕ್ಕಿತು. ಬರುವುದು ಹೇಗೆ? ಬಸ್ಸಿಗೆ ಅಷ್ಟೆತ್ತರದ ಮೆಟ್ಟಿಲು. ಆಟೋದವರು ಗಾಲಿಕುರ್ಚಿ ಮಡಚಿ ಹಿಂದೆ ಕಟ್ಟುತ್ತಿದ್ದರು. ಅವಳನ್ನು ಇಬ್ಬರು ಗಂಡಸರು ಎತ್ತಿ ಒಳಗೆ ಹಾಕುತ್ತಿದ್ದರು. ದಿನಕ್ಕೆ ನಾಲ್ಕು ಸಲ, ಹತ್ತುವಾಗ ಇಳಿಯುವಾಗ, ಸಿಕ್ಕವರ ಕೈ. ಒಳ್ಳೆಯ ಕೈಯೂ ಇರುತ್ತದೆ, ಕೆಟ್ಟ ಕೈಯೂ ಇರುತ್ತದೆ. ತಾಯಿ ಲಕ್ಕಮ್ಮ ಜೊತೆಯಲ್ಲೇ ಬರುತ್ತಿದ್ದಳು, ಮಗಳ ಸೆರಗು ಸರಿ ಮಾಡುವುದು ಬಿಟ್ಟು ಅವಳಾದರೂ ಏನು ಮಾಡಿಯಾಳು? ಒಂದು ದಿನ ಆಟೋ ಬಾರದೆ ವೇಣುಗೋಪಾಲನ ವ್ಯಾನಿಗೆ ಹೇಳಿದರು. ಅವನೂ ಇನ್ನೊಬ್ಬನೂ ಸೇರಿ ಎತ್ತಿದರು. ಎತ್ತುವಾಗ ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳಂತೆ, ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರ ಹಾಗೆ. ಕೂರಿಸಿ ಕೈ ತೆಗೆದ ಮೇಲೆ ಕಣ್ಣು ಬಿಟ್ಟಳಂತೆ. ಅವನು ಇದನ್ನು ನನಗೆ ಹೇಳಿದ್ದು ಎಷ್ಟೋ ತಿಂಗಳಾದ ಮೇಲೆ, ಹೇಳುವಾಗಲೂ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ.

ಆ ವಾರವೇ ನಾಲ್ಕನೆಯ ಮಗ್ಗ ಬಿಚ್ಚಿದ. ಅದರ ಕಬ್ಬಿಣದಲ್ಲಿ ಒಂದು ಹಲಗೆ ಮಾಡಿದ. ವ್ಯಾನಿನ ಹಿಂಬಾಗಿಲು ತೆಗೆದರೆ ಮಡಚಿದ್ದು ಬಿಚ್ಚಿಕೊಂಡು ನೆಲಕ್ಕೆ ಇಳಿಜಾರಾಗಿ ಬೀಳಬೇಕು. ಎತ್ತಿ ಮಡಚಲು ಭಾರವಾಗದ ಹಾಗೆ ಮಗ್ಗದ್ದೇ ಸ್ಪ್ರಿಂಗು ಕೂಡಿಸಿದ. ಹಿಂದಿನ ಸೀಟುಗಳನ್ನು ಕಿತ್ತು, ತಳವನ್ನು ಸ್ವಲ್ಪ ಕೊಯ್ದು ತಗ್ಗು ಮಾಡಿ, ಕುರ್ಚಿ ಅಲುಗದಂತೆ ನಾಲ್ಕು ಕೊಕ್ಕೆ, ಬೆಲ್ಟು ಹಾಕಿದ. ಲಕ್ಕಮ್ಮನಿಗೆ ಪಕ್ಕದಲ್ಲಿ ಒಂದು ಸಣ್ಣ ಸೀಟು. ಮೊದಲ ದಿನ ಬಿಂದುಶ್ರೀ ಯಾರ ಕೈಯೂ ತಾಗದೆ, ತಾನೇ ಗಾಲಿ ತಿರುಗಿಸಿಕೊಂಡು ಒಳಗೆ ಹೋದಳು. ಹೋಗಿ, ಇಳಿದಳು. ಮತ್ತೆ ಹತ್ತಿದಳು. ನಾಲ್ಕು ಸಲ ಹತ್ತಿ ಇಳಿದು, ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡಳು.

ಆ ಮೂರು ವರ್ಷ ಅವರಿಬ್ಬರ ಬಾಳಿನಲ್ಲೂ ಚೆನ್ನಾಗಿತ್ತು. ಬೆಳಿಗ್ಗೆ ಎಂಟಕ್ಕೆ ಸಾಸಲು, ಸಂಜೆ ಆರಕ್ಕೆ ವಾಪಸ್ಸು. ನಡುವೆ ಬೇರೆ ಬಾಡಿಗೆ ಬರತೊಡಗಿತು. ದೇವನಹಳ್ಳಿ ಹತ್ತಿರದ ನಲ್ಲೂರಿನಿಂದ, ಹೊಸಕೋಟೆಯಿಂದ, ಎಲ್ಲಿಂದಲೋ ಫೋನು. ಅಜ್ಜಿಯನ್ನು ಆಸ್ಪತ್ರೆಗೆ ತೋರಿಸಬೇಕು, ತಮ್ಮನನ್ನು ಪರೀಕ್ಷೆಗೆ ಕರೆದುಕೊಂಡು ಹೋಗಬೇಕು, ಹಲಗೆ ಗಾಡಿಯವರಾ ನೀವು? ಇಷ್ಟೊಂದು ಜನ ಮನೆಯೊಳಗೇ ಇದ್ದರಲ್ಲ ಅಂತ ವೇಣು ಆಶ್ಚರ್ಯಪಡುತ್ತಿದ್ದ. ಬಿಂದುಶ್ರೀ ಅವನನ್ನು ವೇಣಣ್ಣ ಅನ್ನುತ್ತಿದ್ದಳು. ದಾರಿಯಲ್ಲಿ ಸುಮ್ಮನಿರುವ ಅವನ ಎದುರು ಅವಳೊಬ್ಬಳೇ ಮಾತಾಡಿ ಎರಡು ಪಾಲಿನ ಹರಟೆ ಪೂರೈಸುತ್ತಿದ್ದಳು.

ಎಫ್‌ಸಿ ದಿನಕ್ಕೆ ಮಾತ್ರ ವೇಣುಗೋಪಾಲ ನನ್ನ ದಾರಿಗೆ ಬರಲೇಬೇಕಾಯಿತು. ಗಾಡಿ ಕಂಪನಿಯಿಂದ ಬಂದ ಹಾಗೇ ಇರಬೇಕು. ಬದಲಾಯಿಸುವುದಿದ್ದರೆ ಮೊದಲೇ ಒಪ್ಪಿಗೆ ಪಡೆಯಬೇಕು, ಇದು ನಿಯಮ. ನಾನು ಹೇಳಿಕೊಟ್ಟೆ: ಹಿಂದಿನ ದಿನ ಹಲಗೆ ಬಿಚ್ಚಿ ನನ್ನ ಅಂಗಡಿಯಲ್ಲಿಡು, ತಳಕ್ಕೆ ತಗಡು ಹಾಸಿ ಸೀಟು ಕೂರಿಸು, ಸಹಿಯಾದ ಮೇಲೆ ತಿರುಗಿ ಅದಲು ಬದಲು. ವರ್ಷವೆಲ್ಲ ಆ ಸೀಟು ನನ್ನ ಅಂಗಡಿಯಲ್ಲಿತ್ತು, ಗಿರಾಕಿಗಳು ಅದರ ಮೇಲೆ ಕೂತು ಫಾರಂ ತುಂಬುತ್ತಿದ್ದರು. ಎರಡು ವರ್ಷ ಕೂದಲು ಕೊಂಕದೆ ನಡೆಯಿತು. ಆ ಎರಡು ದಿನ ಬಿಂದುಶ್ರೀ ಕೆಲಸಕ್ಕೆ ರಜೆ ಹಾಕಬೇಕಾಗುತ್ತಿತ್ತು, ಅಷ್ಟೆ.

ಮೂರನೆಯ ವರ್ಷ ಎಫ್‌ಸಿಗೆ ಹತ್ತು ದಿನ ಇರುವಾಗ ವೇಣು ಅವಳನ್ನೂ ಲಕ್ಕಮ್ಮನನ್ನೂ ಗಾಡಿಯಲ್ಲಿ ಕೂರಿಸಿಕೊಂಡೇ ನನ್ನ ಅಂಗಡಿಗೆ ಬಂದ. ಹುಡುಗಿ ಹಲಗೆ ಇಳಿದು ಬಂದು ನನ್ನ ಟೇಬಲ್ಲಿನ ಎದುರು ನಿಂತಳು, ನಿಂತಳು ಅಂತಲೇ ಬಾಯಿಗೆ ಬರುತ್ತದೆ, ಹಾಗಿತ್ತು ಅವಳ ಗತ್ತು.

‘ಮನೋಹರಣ್ಣ, ವರ್ಷಕ್ಕೊಂದಿನ ನಾನು ಇಲ್ವೇ ಇಲ್ಲ ಅಂತ ತೋರಿಸ್ತೀರಲ್ಲ, ನಾನೇನು ಕದ್ದ ಮಾಲಾ?’

ಅವಳು ಎಲ್ಲ ಯೋಚಿಸಿಕೊಂಡು ಬಂದಿದ್ದಳು. ಸ್ವಂತ ಕಾರಾದರೆ ಅಂಗವಿಕಲರಿಗೆ ಬೇಕಾದ ಹಾಗೆ ಮಾಡಿಸಿಕೊಂಡು ಗಾಡಿಯ ಆರ್‌ಸಿ ಬುಕ್ಕಿನಲ್ಲಿ ಬರೆಸಬಹುದಂತೆ. ಕಾರಿಲ್ಲದವರು ಕೂರುವ ಟ್ಯಾಕ್ಸಿಗೆ ಯಾಕಾಗಬಾರದು? ಆರ್‌ಸಿಯಲ್ಲಿ ಒಂದು ಸಾಲು ಬಿದ್ದರೆ ಅದನ್ನು ತೋರಿಸಿ ನಾಳೆ ಹೊಸಕೋಟೆಯಲ್ಲಿ ಇನ್ನೊಬ್ಬ ಮಾಡಿಸುತ್ತಾನೆ, ನೆಲಮಂಗಲದಲ್ಲಿ ಮತ್ತೊಬ್ಬ. ತಾನೇ ಮುದ್ದಾದ ಅಕ್ಷರದಲ್ಲಿ ಎರಡು ಪುಟದ ಮನವಿ ಬರೆದಿದ್ದಳು. ನಾನು ವೇಣುವಿನ ಕಡೆ ತಿರುಗಿ, ‘ಲೇ, ಇರಲಾರದೆ ಇರುವೆ ಬಿಟ್ಕೋಬೇಡ ಕಣೋ’ ಅಂದೆ. ಅವನು ನೆಲ ನೋಡಿಕೊಂಡು, ‘ಅವಳು ಹೇಳೋದು ಸರಿ ಅಲ್ವಾ?’ ಅಂದ.

ಸರಿಯೇ ಆಗಿತ್ತು. ಅದೇ ಬಂದದ್ದು ಕೇಡು. ನಾನು ಅವತ್ತು ಗದರಿಸಿ ಕಳಿಸಬಹುದಿತ್ತು. ಕಚೇರಿಯ ಒಳಹೊರಗು ನನಗೆ ಗೊತ್ತಿದ್ದಷ್ಟು ಅವರಿಗೇನು ಗೊತ್ತು? ಆದರೆ ಆ ಮನವಿ ಓದುತ್ತಾ ಓದುತ್ತಾ ನನಗೂ ಏನೋ ಆಯಿತು. ಇಪ್ಪತ್ತೆರಡು ವರ್ಷ ಸುಳ್ಳು ಸ್ಟೆಪ್ನಿ ಉರುಳಿಸಿದವನಿಗೆ ಒಂದು ಸಲ ಮರ್ಯಾದಸ್ಥನಾಗುವ ಆಸೆ ಹುಟ್ಟಿತು. ನಾನೇ ಮೇಲೊಂದು ಪತ್ರ ಟೈಪು ಮಾಡಿ, ಗಾಡಿಯ ಫೋಟೋ ಅಂಟಿಸಿ, ಕಚೇರಿಯೊಳಗೆ ಹೋಗಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಬಂದವನು ಅವಳ ಎದುರು ಸ್ವಲ್ಪ ಎದೆ ಉಬ್ಬಿಸಿಯೂ ಇರಬೇಕು.

ಎಫ್‌ಸಿ ದಿನ ಹಲಗೆ ಬಿಚ್ಚಲಿಲ್ಲ. ಬಿಂದುಶ್ರೀ ಹೊಸ ಚೂಡಿದಾರ ಹಾಕಿಕೊಂಡು ಗಾಡಿಯೊಳಗೇ ಕೂತು ಬಂದಳು. ಇನ್‌ಸ್ಪೆಕ್ಟರು ಕೆಟ್ಟವರಲ್ಲ, ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಹಲಗೆಯ ಮೇಲೆ ತಾವೇ ಕಾಲಿಟ್ಟು ನೋಡಿದರು, ಸ್ಪ್ರಿಂಗು ಎಲ್ಲಿಯದು ಅಂತ ಕೇಳಿದರು, ಮಗ್ಗದ್ದು ಅಂದರೆ ನಕ್ಕರು. ಹುಡುಗಿಗೆ ಯಾವ ಊರಮ್ಮ ಅಂತ ವಿಚಾರಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

‘ಸೀಟು ಹಾಕ್ಕೊಂಡು ಬಂದಿದ್ರೆ ನಾನು ಬಗ್ಗಿ ನೋಡ್ತಾನೂ ಇರಲಿಲ್ಲ ಕಣ್ರೀ. ಈಗ ಕಾಗದ ಕೊಟ್ಟು ಸೀಲು ಹಾಕಿಸಿದ್ದೀರಿ. ಇನ್ನು ಕಂಡಿಲ್ಲ ಅನ್ನೋಕೆ ನನ್ ಕೈಲಾಗಲ್ಲ.’

ತಳ ಕೊಯ್ದಿದೆ, ಸೀಟು ಕಡಿಮೆಯಿದೆ, ಒಪ್ಪಿಗೆಯಿಲ್ಲ. ಎಫ್‌ಸಿ ಇಲ್ಲ ಅಂತ ಬರೆದರು. ಬಾಡಿಗೆ ಗಾಡಿಗೆ ಇಂಥ ಬದಲಾವಣೆ ತಮ್ಮ ಮುಂದೆ ಯಾವತ್ತೂ ಬಂದಿಲ್ಲ, ಮೇಲಿನ ಕಚೇರಿಯನ್ನು ಕೇಳುತ್ತೇನೆ ಅಂದರು. ಕೇಳಿದರು ಕೂಡ. ಬಿಂದುಶ್ರೀ ಗಾಡಿಯೊಳಗಿನಿಂದ ನನ್ನ ಮುಖ ನೋಡಿದಳು. ನಾನು ಫೈಲು ನೋಡುವ ಹಾಗೆ ಮಾಡಿದೆ.

ಆಮೇಲಿನ ಏಳು ತಿಂಗಳನ್ನು ಉದ್ದ ಮಾಡಿ ಹೇಳಲು ನನಗೆ ತಾಳ್ಮೆಯಿಲ್ಲ. ಮೇಲಿನಿಂದ ನಕ್ಷೆ ಬೇಕು ಅಂತ ಬಂತು. ವೇಣು ಲೆಕ್ಕದ ಹಾಳೆಯಲ್ಲಿ ಬರೆದ ನಕ್ಷೆ ನಡೆಯಲಿಲ್ಲ, ಇಂಜಿನಿಯರ್ ಬರೆದದ್ದು ಕೊಟ್ಟೆವು. ಹಲಗೆಯ ಗಟ್ಟಿತನಕ್ಕೆ ಮಾನ್ಯತೆಯಿರುವ ಕಾರ್ಖಾನೆಯ ಸರ್ಟಿಫಿಕೇಟು ಬೇಕು ಅಂತ ಬಂತು. ಹಳೆಯ ಮಗ್ಗದ ಕಬ್ಬಿಣಕ್ಕೆ ಯಾವ ಕಾರ್ಖಾನೆ ಸರ್ಟಿಫಿಕೇಟು ಕೊಡುತ್ತದೆ? ಮೂರು ಕಡೆ ಹೋಗಿ ಬಂದೆವು. ನಾವು ಮಾಡಿದ್ದಲ್ಲ, ನಾವು ಸಹಿ ಹಾಕೋದಿಲ್ಲ ಅಂದರು. ಅವರ ಮಾತೂ ನ್ಯಾಯವೇ. ಎಲ್ಲರ ಮಾತೂ ನ್ಯಾಯವಾಗಿತ್ತು, ಅದಕ್ಕೇ ನನಗೆ ಬೈಯಲು ಒಬ್ಬರೂ ಸಿಗದೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಗಾಡಿ ವೇಣುವಿನ ಮನೆ ಮುಂದೆ ನಿಂತಿತು. ಮನೆ ನಡೆಯಬೇಕಲ್ಲ, ಅವನು ಬೇರೆಯವರ ಕಾರುಗಳಿಗೆ ಆಕ್ಟಿಂಗ್ ಡ್ರೈವರಾಗಿ ಹೋದ. ಬಿಂದುಶ್ರೀ ಎರಡು ವಾರ ಆಟೋದಲ್ಲಿ ಬಂದಳು, ಮೊದಲಿನ ಹಾಗೆ ಎತ್ತಿಸಿಕೊಂಡು. ಮೂರನೆಯ ವಾರ ಒಬ್ಬ ಎತ್ತುವವನು ಏನು ಮಾಡಿದನೋ, ಅವಳು ಹೇಳಲಿಲ್ಲ. ಲಕ್ಕಮ್ಮ ಆಟೋದವನ ಕಪಾಳಕ್ಕೆ ಹೊಡೆದಳಂತೆ. ಮಾರನೆಯ ದಿನದಿಂದ ಹುಡುಗಿ ಕೆಲಸಕ್ಕೆ ಬರಲಿಲ್ಲ. ಡಿಸೈನ್ ಅಂಗಡಿಯವರು ಎರಡು ತಿಂಗಳು ಕಾದರು, ಆಮೇಲೆ ಅವಳ ಕಂಪ್ಯೂಟರಿಗೆ ಇನ್ನೊಬ್ಬರನ್ನು ಕೂರಿಸಿದರು.

ಏಳನೆಯ ತಿಂಗಳು ವೇಣುಗೋಪಾಲ ನನ್ನ ಅಂಗಡಿಗೆ ಬಂದು ಅವನದೇ ಸೀಟಿನ ಮೇಲೆ ಕೂತ. ಸೊರಗಿದ್ದ. ಹಲಗೆ ಬಿಚ್ಚಿಬಿಡ್ತೀನಿ, ಇದನ್ನು ತಗೊಂಡು ಹೋಗ್ತೀನಿ ಅಂದ. ಹೆಂಡತಿ ಭಾಗ್ಯಮ್ಮ ಎಷ್ಟು ದಿನ ಅಂತ ಸುಮ್ಮನಿರುತ್ತಾಳೆ? ತಳಕ್ಕೆ ಹೊಸ ತಗಡು ಬೆಸುಗೆ ಹಾಕಿಸಿ ಮೊದಲಿನ ಹಾಗೆ ಮಾಡಿದರೆ ಎಫ್‌ಸಿ ಆಗುತ್ತದೆ. ನಾನು ಕಚೇರಿಯೊಳಗೆ ಹೋಗಿ ವಿಚಾರಿಸಿದೆ. ಗುಮಾಸ್ತರು ಫೈಲು ತೆಗೆದು, ಹುಡುಗಿಯ ಎರಡು ಪುಟ ತಿರುವಿ, ಒಂದು ತೊಡಕಿದೆ ಅಂದರು. ಅರ್ಜಿ ಅವಳ ಮನವಿಯ ಮೇಲೆ ನಿಂತಿದೆ; ನನಗೆ ಈ ವಾಹನದ ಅಗತ್ಯವಿಲ್ಲ ಅಂತ ಅವಳೇ ಬರೆದುಕೊಟ್ಟರೆ ಫೈಲು ಮುಚ್ಚಬಹುದು, ಇಲ್ಲದಿದ್ದರೆ ಮೇಲಿನ ಉತ್ತರ ಬರುವ ತನಕ ಕಾಯಬೇಕು.

ವೇಣು ಆ ಮಾತು ಕೇಳಿ ಎದ್ದು ಹೊರಗೆ ಹೋಗಿ ನಿಂತ. ‘ನಾನು ಕೇಳಲ್ಲ ಅಣ್ಣ. ಸಾಯ್ತೀನಿ ಬೇಕಾದ್ರೆ, ಅದನ್ನ ಹೋಗಿ ಅವಳತ್ರ ಕೇಳಲ್ಲ,’ ಅಂದ. ಕಾಗದ ಕೊಡಿಸಿದವನು ನಾನು, ವಾಪಸ್ಸು ತರಬೇಕಾದವನೂ ನಾನೇ. ಮಾಡಿದ್ದುಣ್ಣೋ ಮಹರಾಯ.

ಶನಿವಾರ ನನ್ನ ಸ್ಕೂಟರಿನಲ್ಲಿ ಇಬ್ಬರೂ ಹೋದೆವು. ವೇಣು ಸಾಸಲಿನ ಬಸ್ ನಿಲ್ದಾಣದಲ್ಲೇ ಇಳಿದುಬಿಟ್ಟ. ಮನೆಯೊಳಗೆ ಬಿಂದುಶ್ರೀ ಮಂಚದ ಮೇಲಿದ್ದಳು. ಗಾಲಿಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿ ಅದರ ಮೇಲೆ ಬಟ್ಟೆ ಒಣಹಾಕಿದ್ದರು. ನನ್ನನ್ನು ನೋಡಿ ತಲೆಕೂದಲು ಸರಿಮಾಡಿಕೊಂಡಳು. ನಾನು ಸುತ್ತಿ ಬಳಸಿ ಹೇಳಲು ಶುರು ಮಾಡಿದೆ. ಅರ್ಧಕ್ಕೇ ಅವಳಿಗೆ ಅರ್ಥವಾಯಿತು. ನಾನು ಟೈಪು ಮಾಡಿ ತಂದದ್ದನ್ನು ಓದಿ, ಬೇರೆ ಹಾಳೆ ಕೊಡಿ, ನಾನೇ ಬರೀತೀನಿ ಅಂದಳು. ಬರೆದಳು. ಮೂರೇ ಸಾಲು. ನನಗೆ ಈಗ ಎಲ್ಲಿಗೂ ಹೋಗುವ ಅಗತ್ಯವಿರುವುದಿಲ್ಲ ಅಂತ.

ನಾನು ಓದಿ, ‘ವಾಹನದ ಅಗತ್ಯ ಅಂತ ಸಾಕಿತ್ತಲ್ಲಮ್ಮ’ ಅಂದೆ.

‘ಎರಡೂ ಒಂದೇ ಅಲ್ವಾ ಅಣ್ಣ,’ ಅಂದಳು. ‘ವೇಣಣ್ಣಂಗೆ ಬೇಜಾರು ಮಾಡ್ಕೋಬೇಡಿ ಅಂತ ಹೇಳಿ. ಅವರು ಸೀಟು ಹಾಕ್ಸಿದ್ರೆ ಆಗೋದು, ನನ್ನ ಹಟದಿಂದ ಹಿಂಗಾಯ್ತು.’

ಲಕ್ಕಮ್ಮ ಕಾಫಿ ತಂದಳು. ಅವಳಿಗೆ ಓದು ಬರುವುದಿಲ್ಲ. ಮಗಳು ಸಹಿ ಮಾಡಿದ್ದು, ನಾನು ಕಾಗದವನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟಿದ್ದು ನೋಡಿ ಅವಳ ಮುಖ ಅರಳಿತ್ತು. ‘ಅಂತೂ ಆಯ್ತಾ ಸ್ವಾಮಿ? ಇಷ್ಟು ದಿನ ಈ ಸೈನ್‌ಗೇ ನಿಂತಿತ್ತಾ? ಗಾಡಿ ಯಾವಾಗ್ ಬತ್ತೈತೆ?’ ಅಂದಳು. ನಾನು ಬಿಂದುಶ್ರೀಯ ಕಡೆ ನೋಡಿದೆ. ಅವಳು ಗೋಡೆಯ ಕಡೆ ತಿರುಗಿದಳು. ನಾನು ಬಿಸಿ ಕಾಫಿ ಒಂದೇ ಗುಟುಕಿಗೆ ಕುಡಿದು ಎದ್ದೆ.

ಲಕ್ಕಮ್ಮ ಬಿಡಲಿಲ್ಲ. ವೇಣು ನಿಲ್ದಾಣದಲ್ಲಿದ್ದಾನೆ ಅಂತ ಯಾರೋ ಹೇಳಿದ್ದರು. ಒಂದು ಚೀಲ ಅವರೆಕಾಯಿ ಹಿಡಿದುಕೊಂಡು ನನ್ನ ಜೊತೆಯೇ ಬಂದಳು. ಅವನ ಕೈಗೆ ಚೀಲ ತುರುಕಿ, ಇವಳು ಊಟ ಸರಿಯಾಗಿ ಮಾಡ್ತಿಲ್ಲ ಕಣಪ್ಪ, ಗಾಡಿ ಬಂದ್ರೆ ಸರಿಹೋಗ್ತಾಳೆ, ಯಾವಾಗ್ ಬತ್ತೀಯ ಹೇಳು ಅಂತ ಮುಖ ನೋಡುತ್ತಾ ನಿಂತಳು. ವೇಣುಗೋಪಾಲ ಅವರೆಕಾಯಿ ಚೀಲವನ್ನೇ ನೋಡಿದ.

‘ಸೋಮವಾರ ಬರ್ತೀನವ್ವ,’ ಅಂದ.

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತ. ಯಾಕೆ ಹಾಗಂದೆ ಅಂತ ನಾನು ಕೇಳಬಹುದಿತ್ತು. ಕೇಳಲು ನನಗೆ ಯಾವ ಯೋಗ್ಯತೆ ಇತ್ತು?

ಸೋಮವಾರ ಕಚೇರಿ ತೆರೆಯುವುದನ್ನೇ ಕಾದು ಹತ್ತೂವರೆಗೆ ಕಾಗದ ಒಳಗೆ ಕೊಟ್ಟೆ. ವೇಣು ಬೆಳಿಗ್ಗೆಯೇ ತಗಡು ಬೆಸುಗೆ ಹಾಕಿಸಲು ಗಾಡಿಯನ್ನು ವೆಲ್ಡಿಂಗ್ ಅಂಗಡಿಗೆ ಬಿಟ್ಟಿದ್ದ. ನಾನು ವಾಪಸ್ಸು ಬಂದು ಕೂರುವಷ್ಟರಲ್ಲಿ ಬಿಂದುಶ್ರೀಯ ಫೋನು. ದನಿ ತಗ್ಗಿಸಿ ಮಾತಾಡುತ್ತಿದ್ದಳು. ಅಮ್ಮ ಆರು ಗಂಟೆಗೇ ಎದ್ದು ತಲೆ ಬಾಚಿ, ಡಬ್ಬಿ ಕಟ್ಟಿ, ಆ ಹೊಸ ಚೂಡಿದಾರ ತೊಡಿಸಿ, ಕುರ್ಚಿಯ ಮೇಲಿನ ಬಟ್ಟೆಯೆಲ್ಲ ತೆಗೆದು ತನ್ನನ್ನು ರಸ್ತೆಯ ಬದಿಗೆ ತಂದು ಕೂರಿಸಿದ್ದಾಳೆ. ಎಂಟು ಗಂಟೆಯಿಂದ ಇಬ್ಬರೂ ಅಲ್ಲೇ ಇದ್ದೇವೆ. ಎಷ್ಟು ಹೇಳಬೇಕು ಅಂದುಕೊಂಡರೂ ಬಾಯಿ ಬರುತ್ತಿಲ್ಲ.

‘ನೀವೇ ಹೇಳಿ ಅಣ್ಣ,’ ಅಂದು ಫೋನನ್ನು ತಾಯಿಗೆ ಕೊಟ್ಟಳು.

ನಾನು ಹೇಳಿದೆ. ಗಾಡಿ ಇವತ್ತು ಬರುವುದಿಲ್ಲಮ್ಮ, ಇನ್ನು ಮೇಲೂ ಬರುವುದಿಲ್ಲ, ಅವತ್ತು ಸಹಿ ಮಾಡಿಸಿಕೊಂಡು ಹೋದದ್ದು ಅದಕ್ಕೇ ಅಂತ ಬಿಡಿಸಿ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಅಂತ ಕಾದೆ. ಒಂದು ಬಸ್ಸು ಹಾದುಹೋದ ಸದ್ದು ಕೇಳಿಸಿತು. ಆಮೇಲೆ ಲಕ್ಕಮ್ಮ, ‘ಸರಿ ಬಿಡಪ್ಪ. ಮಗಾನ ಒಳಕ್ ಕರ್ಕೊಂಡ್ ಹೋಗ್ತೀನಿ, ಬಿಸ್ಲು ಬತ್ತಾ ಐತೆ,’ ಅಂದಳು.